ಎಡಹುರಿ

ಹಗ್ಗ ಹೊಸೆಯುವವನ ಬದುಕೇ ಹಿಂದಕ್ಕೆ ನಡೆಯುವುದು. ಸೊಂಟಕ್ಕೆ ನಾರಿನ ಕಂತೆ ಸುತ್ತಿಕೊಂಡು, ಎಳೆಯ ತುದಿಯನ್ನು ಗಾಲಿಯ ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿನಿಂದ ನಾರು ಬಿಡುತ್ತ ಹಿಂದೆ ಹಿಂದೆ ಸರಿಯಬೇಕು. ಗಾಲಿ ತಿರುಗಿಸುವವರು ಅತ್ತ ತುದಿಯಲ್ಲಿ ನಿಂತಲ್ಲೇ ನಿಂತಿರುತ್ತಾರೆ. ನಡೆಯುವವನ ಕಣ್ಣು ಅವರ ಮೇಲೆ, ಬೆನ್ನಿನ ಭಾರ ದೇವರ ಮೇಲೆ.

ಅಂಥ ಒಂದು ಹಗ್ಗದ ಮನೆಯ ಅಂಗಳದಲ್ಲಿ ಗಾಲಿ ತಿರುಗಿಸುತ್ತಿದ್ದವಳು ಆ ಮನೆಯ ಹಿರಿಮಗನ ಹೆಂಡತಿ. ಗಂಡ ಹಿಂದೆ ಸರಿದು ಸರಿದು ಸಣ್ಣವನಾದಾಗ "ಬೇಲಿ!" ಎಂದು ಕೂಗುವುದು ಅವಳ ಕೆಲಸದ ಒಂದು ಭಾಗವೇ ಆಗಿಹೋಗಿತ್ತು. ಕೂಗಿದರೂ ಅವನ ಬೆನ್ನು ಹೋಗಿ ಬೇಲಿಗೆ ತಗುಲುತ್ತಿತ್ತು. ಕಾಲಿಗೆ ಹಳೆಯ ಅಳತೆಯ ನೆನಪು. ಮೊದಲು ಆ ಅಂಗಳ ಹೊಳೆದಂಡೆಯವರೆಗೂ ಇತ್ತು. ದೋಣಿಗೆ, ಆಳದ ಬಾವಿಗೆ, ಮರ ಎಳೆಯುವವರಿಗೆ ಬೇಕಾದ ಉದ್ದ ಹಗ್ಗ ಅಲ್ಲಿ ಒಂದೇ ಎಳೆತಕ್ಕೆ ಆಗುತ್ತಿತ್ತು. ಆಮೇಲೆ ತಮ್ಮ ತನ್ನ ಪಾಲು ಬೇಕೆಂದು ಹಟ ಹಿಡಿದ. ಅಪ್ಪ ಅಂಗಳವನ್ನು ಎರಡು ಮಾಡಿದ. ತಮ್ಮ ತನ್ನರ್ಧವನ್ನು ಗಾಣದವನಿಗೆ ಮಾರಿ, ಹೇಳದೆ ಕೇಳದೆ ಊರು ಬಿಟ್ಟ. ಗಾಣದವನು ಬೇಲಿ ಹಾಕಿದ. ಅಂದಿನಿಂದ ಈ ಮನೆಯಲ್ಲಿ ದನ ಕಟ್ಟುವ ಹಗ್ಗ, ಬುಟ್ಟಿ ಇಳಿಸುವ ಹಗ್ಗ, ಇಂಥ ಗಿಡ್ಡ ಹಗ್ಗಗಳೇ.

ಹೋದವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಇದ್ದಾಗಲೂ ಹೆಸರು ಹಿಡಿದು ಕರೆದವರು ಕಡಿಮೆ; ಎಲ್ಲರ ಬಾಯಲ್ಲೂ ಅವನು 'ಎಡಹುರಿ'. ಎಡಗೈಯವನು. ತೊಡೆಯ ಮೇಲೆ ಹುರಿ ಹೊಸೆದರೂ ಅಷ್ಟೆ, ಗಾಲಿಗೆ ಕೈ ಹಾಕಿದರೂ ಅಷ್ಟೆ, ಎಲ್ಲರ ಹಗ್ಗ ಬಲಕ್ಕೆ ಸುತ್ತಿಕೊಂಡರೆ ಅವನದು ಎಡಕ್ಕೆ. ಅದರಲ್ಲಿ ತಪ್ಪೇನಿಲ್ಲ, ಗಟ್ಟಿಯೇ. ಆದರೆ ಎಡಹುರಿಯನ್ನು ಬಲಹುರಿಗೆ ಗಂಟು ಹಾಕಿ ಎಳೆದರೆ ಒಂದನ್ನೊಂದು ಬಿಚ್ಚಿಹಾಕುತ್ತವೆ. ಅಪ್ಪ ಬೈದ, ಕೈಗೆ ಕೋಲಿನಲ್ಲಿ ತಟ್ಟಿದ, ಕೊನೆಗೆ ಅವನ ಹಗ್ಗಗಳಿಗೇ ಬೇರೆ ಗೂಟ ಹೊಡೆಸಿದ. ಆ ಗೂಟ ಈಗಲೂ ಕೊಟ್ಟಿಗೆಯಲ್ಲಿ ಬೋಳಾಗಿ ನಿಂತಿತ್ತು.

ಅಪ್ಪನ ಕಣ್ಣಿಗೆ ಪೊರೆ ಕವಿದು ವರ್ಷಗಳಾಗಿದ್ದವು. ಚಪ್ಪರದ ಕಂಬಕ್ಕೆ ಒರಗಿ, ಆದ ಹಗ್ಗವನ್ನೆಲ್ಲ ಬೆರಳಿನಲ್ಲಿ ಸವರಿ ನೋಡುವುದು ಅವನ ಪಾಲಿನ ಕೆಲಸ. "ಇಲ್ಲಿ ಸೀನಿದ್ದೀಯ," ಎನ್ನುತ್ತಿದ್ದ. ನೋಡಿದರೆ ಅಲ್ಲಿ ಎಳೆ ತೆಳ್ಳಗಾಗಿರುತ್ತಿತ್ತು.

ಹೊಳೆಗೆ ಸೇತುವೆ ಕಟ್ಟಲು ಪಟ್ಟಣದಿಂದ ಬಂದ ಮೇಸ್ತ್ರಿಯ ಹೆಂಡತಿ ಕೆಲಸ ಕೇಳಿಕೊಂಡು ಬಂದದ್ದು ಇಂಥ ಅಂಗಳಕ್ಕೆ. ನಾರು ಬಾಚಲು ಆಗ ಇದ್ದವಳು ಗೊಣಗಜ್ಜಿ ಒಬ್ಬಳೇ. ಅವಳ ಗೊಣಗಾಟ ತಡೆಯಲಾರದೆ ಯಾರೂ ಜೊತೆಗೆ ನಿಲ್ಲುತ್ತಿರಲಿಲ್ಲ. ಹೊಸಬಳು ನಿಂತಳು. ನಿಂತದ್ದಷ್ಟೇ ಅಲ್ಲ, ಮೊಳೆ ಹಣಿಗೆಯ ಮೇಲೆ ನಾರಿನ ಹಿಡಿಯನ್ನು ಬೀಸಿ ಎಳೆಯುತ್ತ ಎಳೆಯುತ್ತ ಕಥೆ ಹೇಳಲು ಶುರುಮಾಡಿದಳು. ಹಿಟ್ಟಿನೊಳಗೆ ಹುಳಿ ಬೆರೆಸಿಟ್ಟ ಹೆಂಗಸಿನ ಕಥೆ. ಗೋಧಿಯ ನಡುವೆ ಕಳೆ ಬಿತ್ತಿಹೋದ ಹಗೆಯ ಕಥೆ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿ ರೊಟ್ಟಿ ಕೇಳಿದ ಸ್ನೇಹಿತನ ಕಥೆ.

"ಕೊಟ್ನಾ ರೊಟ್ಟೀನ?" ಗೊಣಗಜ್ಜಿ ಕೇಳಿದಳು.

"ಕೊಟ್ಟ, ಅಜ್ಜಿ. ಸ್ನೇಹಕ್ಕಲ್ಲ, ಅವನ ಕಾಟ ತಡೀಲಾರ್ದೆ."

"ಹಂಗಾದ್ರೆ ನಂಗೂ ದೇವ್ರು ಏನಾದ್ರೂ ಕೊಟ್ಟೇ ಕೊಡ್ತಾನೆ ಬಿಡು."

ಆ ಅಂಗಳದಲ್ಲಿ ನಗು ಕೇಳಿ ಬಹಳ ದಿನಗಳಾಗಿದ್ದವು. ಹಿರಿಮಗನಿಗೆ ಅದೇ ಮೊದಲ ಅನುಮಾನ. ಕೂಲಿಗೆ ಬಂದವರು ಕೂಲಿ ಮಾಡಿಹೋಗಬೇಕು, ನಗಿಸಿ ಇವಳಿಗೇನಾಗಬೇಕು? ಎರೆಹುಳು ತಾನಾಗಿ ಗಾಳಕ್ಕೆ ಏರುವುದುಂಟೆ? ಅಪ್ಪ ತನ್ನ ಮಣೆಯನ್ನು ಕಂಬದ ಬುಡದಿಂದ ಬಾಚುವವರ ಹತ್ತಿರಕ್ಕೆ ಹಾಕಿಸಿಕೊಂಡ ದಿನ ಅನುಮಾನ ಇನ್ನೊಂದು ಸುತ್ತು ಬಿಗಿಯಿತು.

ನೇರವಾಗಿಯೇ ಕೇಳಿದ. "ಈ ಕಥೆಗಳೆಲ್ಲ ಎಲ್ಲಿಯವು, ತಾಯಿ?"

"ಯೇಸುಸ್ವಾಮಿ ಹೇಳಿದ್ದು, ಅಣ್ಣ."

"ಅಂದ್ರೆ ನಮ್ಮನ್ನೆಲ್ಲ ನಿಮ್ಮ ಕಡೆ ಎಳೆಯೋಕೆ ಬಂದಿದ್ದೀಯ."

ಅವಳು ಬಾಚುವುದನ್ನು ನಿಲ್ಲಿಸಲಿಲ್ಲ. "ನಾನು ನಂಬಿರೋದು ಹೌದು. ನಾಲ್ಕು ಜನಕ್ಕೆ ಗೊತ್ತಾಗಲಿ ಅನ್ನೋ ಆಸೆ ಇರೋದೂ ಹೌದು. ಮುಚ್ಚಿಟ್ಟುಕೊಂಡು ಹೇಳ್ತಿಲ್ಲ. ಬೇಡ ಅಂದ್ರೆ ಬಾಯಿ ಮುಚ್ಕೊಂಡು ಬಾಚ್ತೀನಿ."

ಇಷ್ಟು ಸಲೀಸಾಗಿ ಒಪ್ಪಿಕೊಂಡವಳ ಹತ್ತಿರ ಒಪ್ಪಿಕೊಳ್ಳದ್ದು ಇನ್ನೇನೋ ಇರಲೇಬೇಕು ಎಂದು ಅವನಿಗನ್ನಿಸಿತು. ಅಷ್ಟರಲ್ಲಿ ಅಪ್ಪ, "ಹೇಳ್ಲಿ ಬಿಡೋ. ಕಿವಿ ಏನು ಹಗ್ಗ ಹಾಕಿದ ಕೂಡಲೇ ಎಳ್ಕೊಂಡು ಹೋಗೋ ಕರುವಾ?" ಎಂದ. ಮಾತು ಅಲ್ಲಿಗೆ ಮುಗಿಯಿತು.

ಇಬ್ಬರು ಮಕ್ಕಳ ಕಥೆ ಬಂದದ್ದು ಒಂದು ಒಣ ಬೆಳಗ್ಗೆ. ನಾರು ಚೆನ್ನಾಗಿ ಒಣಗಿತ್ತು, ಗಾಲಿ ಹಗುರವಾಗಿ ತಿರುಗುತ್ತಿತ್ತು. ಹಿರಿಮಗ ಗಾಲಿಯ ಹತ್ತಿರವಿದ್ದಾಗ ಕಥೆಯಕ್ಕ (ಅಷ್ಟರಲ್ಲಿ ಅವಳಿಗೆ ಆ ಹೆಸರು ಬಿದ್ದಾಗಿತ್ತು) ಶುರುಮಾಡಿದಳು: "ಒಬ್ಬ ತಂದೆ. ಇಬ್ಬರು ಗಂಡುಮಕ್ಕಳು. ಚಿಕ್ಕೋನು ಬಂದು, ಅಪ್ಪ, ನೀನು ಸಾಯೋವರೆಗೂ ಕಾಯೋಕಾಗಲ್ಲ, ನನ್ನ ಪಾಲು ಈಗಲೇ ಕೊಡು ಅಂದ."

ಹಿರಿಮಗ ಹಿಂದೆ ಸರಿಯುತ್ತಿದ್ದ. ಕೈಯಲ್ಲಿ ಎಳೆ ಓಡುತ್ತಿತ್ತು, ನಿಲ್ಲುವಂತಿರಲಿಲ್ಲ. ಒಂದೊಂದು ಹೆಜ್ಜೆಗೂ ಅವಳ ದನಿ ಚಿಕ್ಕದಾಯಿತು. 'ಮಾರಿ' ಎಂಬುದು ಕೇಳಿಸಿತು. 'ದೂರದ ಊರು' ಎಂಬುದು ಕೇಳಿಸಿತು. ಗೊಣಗಜ್ಜಿಯ ಹಣಿಗೆ ನಿಂತದ್ದು ಕಾಣಿಸಿತು. ಅಪ್ಪ ಕುತ್ತಿಗೆ ಮುಂದೆ ಚಾಚಿದ್ದು ಕಾಣಿಸಿತು. ಹೆಂಡತಿ ಗಾಲಿ ತಿರುಗಿಸುತ್ತಲೇ ಇದ್ದಳು, ಆದರೆ ಅವಳ ಮುಖ ಅತ್ತ ತಿರುಗಿತ್ತು. "ಬೇಲಿ" ಎಂದು ಕೂಗುವುದನ್ನು ಅಂದು ಮೊದಲ ಸಲ ಮರೆತಳು.

ಬೆನ್ನಿಗೆ ಬೇಲಿಯ ಮುಳ್ಳು ಚುಚ್ಚಿತು. ಎಳೆ ಸಡಿಲವಾಗಿ ಗಂಟುಗಂಟಾಗಿ ಸುರುಳಿಕೊಂಡಿತು. ಅವನು ಅದನ್ನು ಅಲ್ಲೇ ಬಿಟ್ಟು ಬಂದಾಗ ಕಥೆ ಮುಕ್ಕಾಲು ಮುಗಿದಿತ್ತು.

"ಹಂದಿ ಮೇಯಿಸ್ತಾ ಹಸ್ಕೊಂಡಿದ್ದೋನು ಎದ್ದು ಮನೆ ಕಡೆ ಹೊರಟ. ಇನ್ನೂ ದೂರ ಇರುವಾಗಲೇ ತಂದೆ ಕಂಡ. ಕಂಡವನೇ ಓಡಿದ."

"ಯಾರು? ಮುದುಕನಾ?" ಗೊಣಗಜ್ಜಿ ನಂಬಲಿಲ್ಲ. "ನಮ್ಮನೇಲಿ ಎಮ್ಮೆ ಹಗ್ಗ ಕಿತ್ಕೊಂಡು ಹೋದ್ರೂ ಮುದುಕಪ್ಪ ಕೂತಲ್ಲಿಂದಲೇ ಬೈತಿದ್ದ."

"ಓಡಿದ ಅಜ್ಜಿ. ಓಡಿಹೋಗಿ ತಬ್ಬಿಕೊಂಡ. ಹೊಸ ಬಟ್ಟೆ ಉಡಿಸಿದ, ಕಾಲಿಗೆ ಚಪ್ಪಲಿ ಮೆಟ್ಟಿಸಿದ. ಮನೇಲಿ ಊಟ, ಹಾಡು. ಹೊಲದಿಂದ ಬಂದ ಅಣ್ಣ ಹೊರಗೇ ನಿಂತ. ನಾನು ಒಳಗೆ ಬರಲ್ಲ ಅಂದ. ಇಷ್ಟು ವರ್ಷ ದುಡಿದೋನು ನಾನು, ನಂಗೆ ಒಂದಿನ ಇಂಥ ಊಟ ಹಾಕಿದ್ದೀಯಾ ಅಂದ. ತಂದೆ ಹೊರಗೆ ಬಂದು ಅವನನ್ನೂ ಬೇಡಿಕೊಂಡ."

ಆಗ ಹಿರಿಮಗ ನಿಂತದ್ದನ್ನು ಅವಳು ನೋಡಿದಳು. ಎಲ್ಲರೂ ನೋಡಿದರು, ನೋಡಿ ಬೇರೆ ಕಡೆ ತಿರುಗಿದರು. ಅಪ್ಪ ಮಾತ್ರ ತನ್ನ ಪೊರೆಗಣ್ಣುಗಳನ್ನು ಕಥೆ ಬಂದ ಕಡೆಗೇ ನೆಟ್ಟುಕೊಂಡು, "ಆ ತಂದೆ ಯಾರಮ್ಮ?" ಎಂದು ಕೇಳಿದ.

"ದೇವರು, ತಾತ. ದೇವರು ಅಂಥೋನು ಅಂತ ಯೇಸು ಹೇಳಿದ್ದು."

"ದೇವರ ಅಂಗಳಕ್ಕೆ ಯಾರೂ ಬೇಲಿ ಹಾಕಿರಲ್ಲ," ಎಂದ ಹಿರಿಮಗ. "ಓಡೋಕೆ ಜಾಗ ಇರುತ್ತೆ."

ಅಂದು ಸಂಜೆ ಅಪ್ಪ ಎರಡು ಮಾತು ಹೇಳಿದ. ಹೊರಗಿನ ಗೇಟಿಗೆ ಅಗುಳಿ ಹಾಕಬೇಡ ಎಂಬುದು ಒಂದು. ಅಟ್ಟದ ಮೇಲಿರುವ ಆ ಚಿಕ್ಕ ಹಣಿಗೆಗೆ ಎಣ್ಣೆ ಸವರಿಡು, ಮರ ಸೀಳಿಬಿಡುತ್ತದೆ ಎಂಬುದು ಇನ್ನೊಂದು. ಯಾರ ಹಣಿಗೆ ಎಂದು ಅವನೂ ಹೇಳಲಿಲ್ಲ, ಮಗನೂ ಕೇಳಲಿಲ್ಲ. ಮಗ ಹಣಿಗೆಗೆ ಎಣ್ಣೆ ಸವರಿದ, ಗೇಟಿಗೆ ಅಗುಳಿ ಜಡಿದ.

ಈಗ ಅನುಮಾನಕ್ಕೆ ರೂಪ ಬಂದಿತ್ತು. ಧರ್ಮದ ಮಾತೆಲ್ಲ ಮೇಲುಹೊದಿಕೆ. ಇವಳನ್ನು ಕಳಿಸಿದವನು ಎಡಹುರಿಯೇ. ಕೈ ಖಾಲಿಯಾಗಿದೆ, ಮರಳಿ ಬರಬೇಕು, ಬರುವ ಮೊದಲು ಮುದುಕನ ಮನಸ್ಸನ್ನು ನಾರು ನೆನೆಸಿದ ಹಾಗೆ ನೆನೆಸಬೇಕು. ಅದಕ್ಕೆ ಕಥೆ. ಅವನು ಬಂದು, ಅಪ್ಪ ಓಡಿಹೋಗಿ ತಬ್ಬಿಕೊಂಡರೆ, ಉಳಿದ ಅರ್ಧ ಅಂಗಳ ಮತ್ತೆ ಎರಡಾಗುತ್ತದೆ. ಆಮೇಲೆ ಇಲ್ಲಿ ಹಗ್ಗವಲ್ಲ, ಲಾಡಿ ಹೊಸೆಯಬೇಕು.

"ನಮ್ಮ ಮನೆ ವಿಷಯ ಅವಳಿಗೆ ಹೇಳಿದ್ದು ನೀನಾ?" ಎಂದು ಹೆಂಡತಿಯನ್ನು ಕೇಳಿದ.

"ನಾನ್ಯಾಕೆ ಹೇಳಲಿ?"

"ಬೇಲಿ ಅಂತ ಕೂಗೋದನ್ನ ಮರೆತೆ."

"ಕಥೆ ಕೇಳ್ತಿದ್ದೆ. ಚೆನ್ನಾಗಿತ್ತು." ಅವಳು ಅವನ ಬೆನ್ನಿನ ಮುಳ್ಳನ್ನು ಸೂಜಿಯಿಂದ ಎತ್ತುತ್ತಿದ್ದಳು. "ಅಲ್ಲಾಡಬೇಡಿ. ನಿಮ್ಗೆ ಕಂಡೋರ ಮೇಲೆಲ್ಲ ಅನುಮಾನ. ನಾಳೆ ಈ ಸೂಜಿ ಮೇಲೂ ಬರುತ್ತೆ."

ಅವನು ಕಥೆಯಕ್ಕನ ಮೇಲೆ ಕಣ್ಣಿಡತೊಡಗಿದ. ಯಾರ ಜೊತೆ ಬರುತ್ತಾಳೆ, ಸೇತುವೆಯ ಕಡೆಯಿಂದ ಯಾರು ಹುಡುಕಿಕೊಂಡು ಬರುತ್ತಾರೆ. ಏನೂ ಸಿಗಲಿಲ್ಲ. ಗೊಣಗಜ್ಜಿಯನ್ನು ವಿಚಾರಿಸಿದರೆ, "ಆ ಕಥೆ ನಂಗೂ ನಮ್ಮನೇದೇ ಅನ್ನಿಸ್ತು ಕಣೋ. ನನ್ನ ತಂಗಿ ಮಗ ಹಿಂಗೇ ಹೋದ. ಎಲ್ಲಾರ ಮನೇಲೂ ಒಬ್ಬ ಓಡಿಹೋದೋನು, ಒಬ್ಬ ಮುಖ ಊದಿಸ್ಕೊಂಡೋನು ಇದ್ದೇ ಇರ್ತಾನೆ," ಎಂದಳು. ಎರಡನೆಯದನ್ನು ಹೇಳುವಾಗ ಅವನನ್ನು ನೋಡಿದ್ದು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ.

ಸುಳಿವು ಸಿಕ್ಕಿದ್ದು ಒಂದು ಮಧ್ಯಾಹ್ನ, ಊಟದ ಬಿಡುವಿನಲ್ಲಿ. ನಾರು ನೆನೆಹಾಕುವ ತೊಟ್ಟಿಯ ಕಟ್ಟೆಯ ಮೇಲೆ ಕಥೆಯಕ್ಕ ಬುತ್ತಿಯ ಗಂಟು ಬಿಚ್ಚುತ್ತಿದ್ದಳು. ಗಂಟಿಗೆ ಸುತ್ತಿದ್ದ ಹುರಿಯನ್ನು ಮಡಿಸಿ ಪಕ್ಕಕ್ಕಿಟ್ಟಳು. ಕೈ ತೊಳೆಯಲು ಬಗ್ಗಿದ ಹಿರಿಮಗನ ಕಣ್ಣು ಅದರ ಮೇಲೆ ಬಿತ್ತು. ಹುರಿ ಎಡಕ್ಕೆ ಸುತ್ತಿಕೊಂಡಿತ್ತು.

ಎಡಗೈಯವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಹುರಿಯ ತುದಿ? ಬೇರೆಯವರು ತುದಿಗೆ ಗಂಟು ಹಾಕಿ ಬಿಡುತ್ತಾರೆ. ಈ ಮನೆಯಲ್ಲಿ ಮಾತ್ರ ಮೂರು ಎಳೆಯನ್ನೂ ಬಿಡಿಸಿ, ಹಿಂದಕ್ಕೆ ಮಡಿಸಿ, ಹುರಿಯ ಮೈಯೊಳಗೇ ಹೊಗಿಸಿ, ಒಂದು ಕಿವಿಯಷ್ಟು ಕುಣಿಕೆ ಉಳಿಸುತ್ತಿದ್ದರು. ಅವ್ವ ಕಲಿಸಿದ್ದು. ಅವ್ವ ಸತ್ತಮೇಲೆ ಅದು ಗೊತ್ತಿದ್ದವರು ಅಪ್ಪ, ಅವನು, ಮತ್ತು ಇನ್ನೊಬ್ಬ.

"ಎಲ್ಲಿದ್ದಾನೆ ಅವನು?"

ಅವಳು ತುತ್ತು ಕೈಯಲ್ಲೇ ಹಿಡಿದು ನೋಡಿದಳು. "ಯಾರಣ್ಣ?"

"ನಾಟಕ ಸಾಕು. ಹೇಳಿಕೊಟ್ಟು ಕಳಿಸಿದ್ದಾನಲ್ಲ, ಅವನು. ಈ ಹುರಿ ಹೊಸೆದೋನು."

"ಇದಾ? ಪಟ್ಟಣದ ಸಂತೆ ಹಿಂದೆ ತಗೊಂಡೆ. ಮುಚ್ಚಿದ ಗೋದಾಮಿನ ಮೆಟ್ಟಿಲ ಮೇಲೆ ಒಬ್ಬ ಕೂತು ಹೊಸೀತಿರ್ತಾನೆ. ಸಣಕಲು ಮನುಷ್ಯ. ಬುತ್ತಿಗೆ ಅಂದೆ. ಈ ಕುಣಿಕೆ ಜಾರಲ್ಲ ಅಕ್ಕ, ನಮ್ಮವ್ವನ ಕೈಯದು ಅಂದ. ಅಷ್ಟೇ ಮಾತು."

"ಅಷ್ಟೇ? ಮತ್ತೆ ಆ ಕಥೆ?"

"ಆ ಕಥೆ ನಮ್ಮಜ್ಜಿಯ ಅಜ್ಜಿಗಿಂತ ಹಳೇದು, ಅಣ್ಣ." ಅವಳ ಮುಖದಲ್ಲಿ ಅರ್ಥವಾಗುತ್ತ ಬಂದದ್ದು ಅವನಿಗೆ ಕಾಣಿಸಿತು. ತುತ್ತನ್ನು ಕೆಳಗಿಟ್ಟಳು. "ಅಯ್ಯೋ. ನಿಮ್ಮನೇಲೂ ಇಬ್ಬರಾ?"

ಅವನು ನಂಬಲಿಲ್ಲ. ಆದರೆ ಆ 'ಅಯ್ಯೋ'ವನ್ನು ಹೇಳಿಕೊಟ್ಟು ಕಳಿಸಲು ಆಗುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ಹುರಿಯನ್ನು ಎತ್ತಿ ಜೇಬಿಗಿಟ್ಟುಕೊಂಡ. "ಇದು ನನ್ಹತ್ರ ಇರ್ಲಿ."

"ಇಟ್ಕೊಳ್ಳಿ."

ಎರಡು ಹೆಜ್ಜೆ ಹೋಗಿ ತಿರುಗಿದ. "ಕೊನೆಗೆ ಏನಾಯ್ತು? ಅಣ್ಣ ಒಳಗೆ ಹೋದ್ನಾ?"

"ಅದನ್ನ ಹೇಳಿಲ್ಲ."

"ಮರೆತೆಯಾ, ಮುಚ್ಚಿಡ್ತಿದ್ದೀಯಾ?"

"ಯೇಸು ಅಲ್ಲಿಗೇ ನಿಲ್ಲಿಸಿಬಿಟ್ಟ. ಅಣ್ಣ ಅಂಗಳದಲ್ಲಿ, ತಂದೆ ಅವನ ಮುಂದೆ. ಕೇಳ್ತಾ ನಿಂತಿದ್ದೋರಲ್ಲಿ ಅಂಥ ಅಣ್ಣಂದಿರೇ ಜಾಸ್ತಿ ಇದ್ದರಂತೆ. ಮುಂದಿನದು ಅವರ ಕೈಗೇ ಬಿಟ್ಟ."

"ಕೊನೆ ಇಲ್ಲದ ಕಥೆ ಅಂದ್ರೆ ತುದಿ ಕಟ್ಟದ ಹಗ್ಗ," ಎಂದು ಬೈದು ಹೋದ.

ಆ ಮಧ್ಯಾಹ್ನವೆಲ್ಲ ಅವನು ಹೊಸೆದ. ಜೇಬಿನಲ್ಲಿ ಹುರಿ ಇದೆ, ಇದ್ದದ್ದು ಮನೆಯಲ್ಲಿ ಅವನೊಬ್ಬನಿಗೇ ಗೊತ್ತು. ಮೂಲೆಯಲ್ಲಿ ಹಗ್ಗಕ್ಕೆ ಹಚ್ಚುವ ಡಾಂಬರು ಕುದಿಯುತ್ತಿತ್ತು. ಅದರ ಒಲೆಗೆ ಹಾಕಿದರೆ ಒಂದು ಉಸಿರಿನಲ್ಲಿ ಬೂದಿ. ಅಪ್ಪನಿಗೆ ಇನ್ನೆಷ್ಟು ದಿನ? ತಿಳಿಯದೇ ಹೋಗುತ್ತಾನೆ. ಅಂಗಳ ಒಂದಾಗಿ ಉಳಿಯುತ್ತದೆ. ಎರಡು ಸಲ ಒಲೆಯ ಹತ್ತಿರ ಹೋದ. ಸೌದೆ ತಳ್ಳಿ ವಾಪಸು ಬಂದ. 'ನಮ್ಮವ್ವನ ಕೈಯದು' ಎಂದನಂತೆ. ಅವ್ವ ಏನು ಅವನೊಬ್ಬನಿಗೇ ಅವ್ವನೆ?

ಸಂಜೆ ಬಾಚುವವರು ಹೋದಮೇಲೆ ಅಪ್ಪ ದಿನದ ಹಗ್ಗ ಸವರುತ್ತ ಕೂತ. ಒಂದನ್ನು ಬಿಟ್ಟು ಇನ್ನೊಂದನ್ನು ತೆಗೆದುಕೊಂಡ. ಅದನ್ನೂ ಬಿಟ್ಟ.

"ಏನು ಮುಚ್ಚಿಡ್ತಿದ್ದೀಯ?"

"ಏನಿಲ್ಲ."

"ಊಟಕ್ಕೆ ಮುಂಚಿನ ಹಗ್ಗ ಹಗ್ಗದ ಹಾಗಿದೆ. ಊಟ ಆದಮೇಲಿಂದು ಯಾರದೋ ಕುತ್ತಿಗೆ ಹಿಸುಕಿದ ಹಾಗಿದೆ. ಇಷ್ಟು ಬಿಗಿ ಯಾಕೆ?"

ಹಿರಿಮಗ ಎದುರಿಗೆ ಕುಕ್ಕರಗಾಲಲ್ಲಿ ಕೂತ. ನೇರವಾಗಿ ಹೇಳಲು ಬಾಯಿ ತೆರೆದ, ಹೆಸರು ಬರಲಿಲ್ಲ. ಆಮೇಲೆ ಬಾಯಿಗೆ ಬಂದದ್ದು ಕಥೆಯಕ್ಕನ ಮಾತು, ಅವನಿಗೇ ಬೇಡವಾಗಿದ್ದ ಮಾತು.

"ಒಬ್ಬ ತಂದೆಗೆ ಇಬ್ಬರು ಮಕ್ಕಳಿದ್ರಂತೆ."

"ಕೇಳಿದ್ದೀನಿ."

"ಅರ್ಧ ಕೇಳಿದ್ದೀಯ. ಚಿಕ್ಕೋನು ಮಾರ್ಕೊಂಡು ಹೋದ. ದೊಡ್ಡೋನು ಉಳಿದ. ಉಳಿದು ಹಿಂದೆ ಹಿಂದೆ ನಡೀತಾ ಇದ್ದ. ದಿನಾ ಬೆನ್ನಿಗೆ ಬೇಲಿ ತಗುಲೋದು. ಯಾವತ್ತೂ ಯಾರೂ ನೋವಾಯ್ತೇನೋ ಅಂತ ಕೇಳಲಿಲ್ಲ."

ಅಪ್ಪನ ಬೆರಳು ಹಗ್ಗದ ಮೇಲೆ ನಿಂತಿತು. "ಬೇಲಿ ವಿಷಯ ಆಕೆ ಹೇಳಲಿಲ್ಲವಲ್ಲ."

"ಆಕೆಗೆ ಗೊತ್ತಿರಲಿಲ್ಲ. ಒಂದಿನ ಆ ದೊಡ್ಡೋನಿಗೆ ಚಿಕ್ಕೋನು ಎಲ್ಲಿದ್ದಾನೆ ಅಂತ ಗೊತ್ತಾಯ್ತು. ತಂದೆಗೆ ಗೊತ್ತಿರಲಿಲ್ಲ. ಹೇಳಬೇಕಾ ಬೇಡವಾ ಅಂತ..."

ಮುಂದೆ ಕಥೆ ನಡೆಯಲಿಲ್ಲ. ಅವನು ಜೇಬಿನಿಂದ ಹುರಿ ತೆಗೆದು ಅಪ್ಪನ ಕೈಯಲ್ಲಿಟ್ಟ.

ಮುದುಕನ ಹೆಬ್ಬೆರಳು ಅಭ್ಯಾಸದಂತೆ ಬಲಕ್ಕೆ ಜಾರಿತು, ತಡೆಯಿತು, ಎಡಕ್ಕೆ ತಿರುಗಿತು. ತುದಿಯವರೆಗೂ ಹೋಯಿತು. ಕುಣಿಕೆಯೊಳಗೆ ಕಿರುಬೆರಳು ತೂರಿಸಿದ. ಗಾಲಿಯ ಹತ್ತಿರ ನಾರು ಗುಡಿಸುತ್ತಿದ್ದ ಹೆಂಡತಿಯ ಪೊರಕೆ ನಿಂತಿತು.

"ಅಂಗಳ ಮುರಿದು ಹೆಬ್ಬೆಟ್ಟು ಒತ್ತಿದ್ದು ನಾನು," ಎಂದ ಅಪ್ಪ. "ಬೇಲಿ ಚುಚ್ಚಿದ್ದು ನಿಂಗೆ. ಕೇಳಬೇಕಾಗಿತ್ತು."

ಆಮೇಲೆ ಮಣೆಯಿಂದ ಎದ್ದ. ಎದ್ದವನು ಕಾಲಿನಿಂದ ನೆಲ ತಡವುತ್ತ ಚಪ್ಪಲಿ ಹುಡುಕತೊಡಗಿದ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಒಂದೇ ಚಪ್ಪಲಿಯಲ್ಲಿ ಕೈ ಮುಂದೆ ಚಾಚಿ ಹೊರಟೇಬಿಟ್ಟ. ಹೊರಟದ್ದು ಗೇಟಿನ ಕಡೆಗಲ್ಲ, ನೇರ ಬೇಲಿಯ ಕಡೆಗೆ.

"ಎಲ್ಲಿಗಪ್ಪ?"

"ಪಟ್ಟಣಕ್ಕೋ, ಎಲ್ಲಿದ್ದರೆ ಅಲ್ಲಿಗೆ."

"ಅತ್ತ ಬೇಲಿ!" ಎಂದು ಕೂಗಿದವನು ಈ ಸಲ ಹಿರಿಮಗ. ಓಡಿಹೋಗಿ ಮುದುಕನನ್ನು ತೋಳಲ್ಲಿ ತಡೆದ. ಎಷ್ಟು ಹಗುರವಾಗಿದ್ದ! ಬಾಚಿದ ನಾರಿನ ಕಂತೆಯಷ್ಟೇ. "ಕೂತ್ಕೋ. ನಾನು ಹೋಗ್ತೀನಿ. ಅವನೇನಾ ಅಂತ ನೋಡ್ಕೊಂಡು ಬರೋಕೆ ಅಷ್ಟೇ. ಕರ್ಕೊಂಡು ಬರ್ತೀನಿ ಅಂತ ಹೇಳಿಲ್ಲ ನಾನು."

"ನಾನೂ ಕೇಳಲಿಲ್ಲ," ಎಂದ ಅಪ್ಪ, ಮಗನ ಬೆನ್ನನ್ನು ಸವರುತ್ತ. ಮುಳ್ಳು ಎತ್ತಿದ ಜಾಗ ಬೆರಳಿಗೆ ಸಿಕ್ಕಿತು. ಅಲ್ಲಿ ಸ್ವಲ್ಪ ಹೊತ್ತು ಕೈ ಇಟ್ಟಿದ್ದ.

ಮರುದಿನ ಬೆಳಗ್ಗೆ ಗೇಟಿನಲ್ಲಿ ಕೆಲಸಕ್ಕೆ ಬರುತ್ತಿದ್ದ ಕಥೆಯಕ್ಕ ಎದುರಾದಳು. ಹಿರಿಮಗನ ಒಗೆದ ಅಂಗಿ, ಕೈಯಲ್ಲಿನ ಬುತ್ತಿ ನೋಡಿ ಅವಳು ದಾರಿ ಬಿಟ್ಟು ನಿಂತಳು.

"ನಿನ್ನ ಮೇಲಿನ ಅನುಮಾನ ಇನ್ನೂ ಹೋಗಿಲ್ಲ ನಂಗೆ," ಎಂದ ಅವನು.

"ಇರಲಿ ಅಣ್ಣ. ಗೋದಾಮು ಸಂತೆಯ ಹಿಂದೆ. ಬಿಸಿಲೇರೋ ಮುಂಚೆ ಹೋದ್ರೆ ಮೆಟ್ಟಿಲ ಮೇಲೇ ಇರ್ತಾನೆ."

"ನನಗೆ ಕೊನೆ ಹೇಳಿಕೊಡಬೇಡ."

"ಇಲ್ಲಪ್ಪ," ಎಂದು ಅವಳು ಒಳಗೆ ಹೋದಳು. ಚಪ್ಪರದ ಕೆಳಗಿಂದ ಗೊಣಗಜ್ಜಿ, "ಇವತ್ತು ಯಾವ ಕಥೇನೇ? ನೆನ್ನೆ ಹೇಳಿದ್ದೇ ಹೇಳಿದ್ರೆ ನಾ ಕೇಳಲ್ಲ," ಎನ್ನುತ್ತಿದ್ದದ್ದು ಕೇಳಿಸಿತು.

ರಸ್ತೆಯ ತಿರುವಿನಲ್ಲಿ ಬಸ್ಸಿಗೆ ಕಾಯುತ್ತ ಅವನು ಬುತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಹೆಂಡತಿ ಅದನ್ನು ಎಡಹುರಿಯಿಂದಲೇ ಕಟ್ಟಿದ್ದಳು. ಮನೆಯ ಬೇರೆ ಹುರಿ ಕೈಗೆ ಸಿಗಲಿಲ್ಲವಂತೆ. ಹಗ್ಗದ ಮನೆಯಲ್ಲಿ ಹುರಿ ಸಿಗಲಿಲ್ಲವಂತೆ! ಮತ್ತೆ ಬದಲಿಸಿದ. ಒಬ್ಬನ ಬುತ್ತಿಗೆ ಇಷ್ಟು ಭಾರ ಬರುವುದಿಲ್ಲ. ಗಂಟಿನ ಹೊರಗಿಂದಲೇ ಒತ್ತಿ ನೋಡಿದ: ಒಂದರ ಮೇಲೊಂದು ಎರಡು ಡಬ್ಬಿ.

ಇಬ್ಬರಿಗಾಗುವಷ್ಟು ಕಟ್ಟು ಎಂದು ಹೆಂಡತಿಗೆ ಯಾರು ಹೇಳಿದರು? ಅಪ್ಪನೆ? ಕಥೆಯಕ್ಕನೆ? ಇಬ್ಬರೂ ಸೇರಿಯೆ? ವಾಪಸು ಹೋಗಿ ಕೇಳಿಯೇಬಿಡೋಣ ಎನ್ನಿಸಿತು. ಅಷ್ಟರಲ್ಲಿ ಬಸ್ಸು ಬಂತು. ಆ ಅನುಮಾನವನ್ನೂ ಬುತ್ತಿಯ ಜೊತೆಗೇ ಎತ್ತಿಕೊಂಡು ಹತ್ತಿದ. ಸೀಟಿನಲ್ಲಿ ಕೂತಮೇಲೆ, ಡಬ್ಬಿಗಳು ಅಲುಗಾಡದಂತೆ ಗಂಟನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡ.